ಮಾತ್ರೆ ಮಾತ್ರೆಗೂ ಹೊತ್ತು ಬಿಡಿ

(ಸಿಂಧಘಟ್ಟದ ಮಹಿಳೆಯರ ಮುಂದೆ ಆಡಿದ ಮಾತು)



ಕೈಲಿದ್ದ ಕೆಲಸ ಬಿಟ್ಟು ಬಂದಿದ್ದೀರಿ. ಕೆಲವರು ಗದ್ದೆಯಿಂದ ನೇರವಾಗಿ ಇಲ್ಲಿಗೇ ಬಂದಿದ್ದೀರಿ. ಹೆಚ್ಚು ಹೊತ್ತು ಹಿಡಿಯೋದಿಲ್ಲ. ಸಂಜೆ ಹಸು ಕರೆಯೋ ಹೊತ್ತಿಗೆ ನಿಮ್ಮನ್ನು ಬಿಡುತ್ತೇವೆ.

ನಾವು ಡಾಕ್ಟರಲ್ಲ. ನರ್ಸಮ್ಮನೂ ಅಲ್ಲ. ನಿಮ್ಮ ಹಾಗೇ ಈ ಕೆ.ಆರ್. ಪೇಟೆ ಸೀಮೆಯ ಹೆಂಗಸರು. ಊರೂರಿಗೆ ಹೋಗಿ ಅಕ್ಷರ ಕಲಿಸುವವರು. ಡಾಕ್ಟರನ್ನು ಕೇಳಿ ತಿಳಿದುಕೊಂಡ ಒಂದು ಮಾತನ್ನು ನಿಮಗೆ ಹೇಳೋಣ ಅಂತ ಬಂದಿದ್ದೇವೆ. ಆ ಮಾತು ನಮಗೆ ಮೊದಲೇ ಗೊತ್ತಿದ್ದಿದ್ದರೆ ನಮ್ಮ ಒಬ್ಬ ಅಕ್ಕ ಅಷ್ಟು ದಿನ ಕಷ್ಟಪಡುತ್ತಿರಲಿಲ್ಲ.

ಅಕ್ಕನ ಕತೆ

ನಮ್ಮ ಕಲಿಕೆಯ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾಳೆ. ಹೆಸರು ಬೇಡ. ವಯಸ್ಸು ಐವತ್ತರ ಹತ್ತಿರ. ಅವಳಿಗೆ ಥೈರಾಯಿಡ್ ಕಾಯಿಲೆ. ಕುತ್ತಿಗೆಯಲ್ಲಿ ಥೈರಾಯಿಡ್ ಅನ್ನೋ ಗ್ರಂಥಿ ಇದೆ. ಅದು ಸರಿಯಾಗಿ ಕೆಲಸ ಮಾಡದಿದ್ದರೆ ಮೈಗೆ ಬೇಕಾದ ಒಂದು ರಸ ಕಡಿಮೆಯಾಗುತ್ತದೆ. ಆಗ ಸುಸ್ತು, ಚಳಿ, ಮುಖ ಊದೋದು, ಕೂದಲು ಉದುರೋದು, ಮೈ ತೂಕ ಹೆಚ್ಚೋದು. ಅದಕ್ಕೆ ಡಾಕ್ಟರು ದಿನಕ್ಕೊಂದು ಸಣ್ಣ ಮಾತ್ರೆ ಕೊಟ್ಟಿದ್ದರು. ಅಕ್ಕ ಚೆನ್ನಾಗೇ ಇದ್ದಳು.

ಆಮೇಲೆ ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಬಂತು. ಮಂಡಿ ನೋವು ಅಂತ ಕ್ಯಾಲ್ಸಿಯಂ ಮಾತ್ರೆಯನ್ನು ಮಗಳು ತಂದುಕೊಟ್ಟಳು. ಅಕ್ಕನಿಗೆ ಯಾವುದು ಯಾವಾಗ ಅನ್ನೋದು ನೆನಪಿಗೆ ಬರುತ್ತಿರಲಿಲ್ಲ. ನಮ್ಮನ್ನು ಕೇಳಿದಳು.

ನಾವು ಏನು ಹೇಳಿದೆವು ಗೊತ್ತಾ? “ಬೆಳಿಗ್ಗೆ ಕಾಫಿ ಜೊತೆ ಮೂರನ್ನೂ ಒಟ್ಟಿಗೆ ನುಂಗಿಬಿಡಕ್ಕ. ಆಗ ಮರೆಯೋ ಮಾತೇ ಇಲ್ಲ” ಅಂದೆವು.

ತಪ್ಪು ನಮ್ಮದೇ. ಒಳ್ಳೇದಾಗಲಿ ಅಂತಲೇ ಹೇಳಿದ್ದೆವು. ಆದರೆ ಗೊತ್ತಿಲ್ಲದೆ ಹೇಳಿದ್ದೆವು.

ಕೆಲವು ತಿಂಗಳಲ್ಲಿ ಅಕ್ಕ ಮತ್ತೆ ಸೊರಗಿದಳು. ಕಳೆ ಕೀಳೋಕೆ ಕೂತರೆ ಏಳೋಕೆ ಆಗದು. ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯಿಡ್ ಕೆಟ್ಟಿದೆ ಅಂತ ಬಂತು. ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಆದರೂ ಗುಣ ಕಾಣಲಿಲ್ಲ. ಇನ್ನೊಮ್ಮೆ ಹೆಚ್ಚಿಸಿದರು. ಮನೆಯವರು “ಇವಳು ಮಾತ್ರೆ ನುಂಗದೆ ಬಿಸಾಕುತ್ತಾಳೆ” ಅಂತ ಬೈದರು. ಪಾಪ, ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಕೊನೆಗೆ ಒಬ್ಬ ಡಾಕ್ಟರಮ್ಮ ಒಂದೇ ಒಂದು ಪ್ರಶ್ನೆ ಕೇಳಿದರು. “ಮಾತ್ರೇನ ಯಾವಾಗ ನುಂಗ್ತೀಯಮ್ಮ? ಯಾವುದರ ಜೊತೆ ನುಂಗ್ತೀಯ?” ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಡಾಕ್ಟರಮ್ಮ ಹೊಸ ಔಷಧಿ ಏನೂ ಬರೆಯಲಿಲ್ಲ. ಹೊತ್ತು ಮಾತ್ರ ಬದಲಾಯಿಸಿದರು. ಎರಡು ತಿಂಗಳಿಗೆ ಮತ್ತೆ ರಕ್ತ ನೋಡಿದರು. ಥೈರಾಯಿಡ್ ಹತೋಟಿಗೆ ಬಂದಿತ್ತು. ಆಮೇಲೆ ಅವರೇ ಮಾತ್ರೆಯ ಪ್ರಮಾಣವನ್ನು ಕಡಿಮೆ ಮಾಡಿದರು.

ಹೊಟ್ಟೆಯೊಳಗೆ ಏನಾಯಿತು?

ನುಂಗಿದ ಮಾತ್ರೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಕರಗುತ್ತದೆ. ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ರಕ್ತಕ್ಕೆ ಸೇರಿದರೆ ಮಾತ್ರ ಅದು ಔಷಧಿ. ಸೇರದಿದ್ದರೆ ನುಂಗಿಯೂ ನುಂಗದ ಹಾಗೆ.

ಕಬ್ಬಿಣ, ಕ್ಯಾಲ್ಸಿಯಂ, ಸತು, ಮೆಗ್ನೀಸಿಯಂ ಇವೆಲ್ಲ ಖನಿಜಗಳು. ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶ. ಇವು ಮೈಗೆ ಬೇಕು. ಆದರೆ ಇವಕ್ಕೆ ಒಂದು ಗುಣ ಇದೆ. ಹೊಟ್ಟೆಯಲ್ಲಿ ಕೆಲವು ಔಷಧಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತವೆ. ಹಾಗೆ ಗಂಟು ಬಿದ್ದ ಔಷಧಿ ರಕ್ತಕ್ಕೆ ಸೇರದೆ ಮಲದ ಜೊತೆ ಹೊರಗೆ ಹೋಗುತ್ತದೆ. ನಮ್ಮ ಅಕ್ಕನಿಗೆ ಆದದ್ದು ಇದೇ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದಕ್ಕೊಂದು ಕೂಡ ಅಡ್ಡ ಬರುತ್ತವೆ. ಸಂತೆ ದಿನ ಬಸ್ಸಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ? ಕೆಲವರು ಹತ್ತುತ್ತಾರೆ, ಕೆಲವರು ಕೆಳಗೇ ಉಳಿಯುತ್ತಾರೆ. ಹಾಗೇ ಇದು. ಒಟ್ಟಿಗೆ ನುಂಗಿದರೆ ಕಬ್ಬಿಣ ಕೆಳಗೆ ಉಳಿಯುತ್ತದೆ.

ಹಾಗಂತ ಮಾತ್ರೆ ಬಿಡಬೇಡಿ

ಇದನ್ನು ಕೇಳಿ “ಅಯ್ಯೋ, ಕಬ್ಬಿಣದ ಮಾತ್ರೆಯೇ ಬೇಡ” ಅನ್ನಬೇಡಿ ಕಣ್ರವ್ವ. ನಮ್ಮ ರಾಜ್ಯದಲ್ಲಿ 2019ರಲ್ಲಿ ಮನೆ ಮನೆಗೆ ಹೋಗಿ ರಕ್ತ ನೋಡಿದ್ದರು. ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇತ್ತು. ಇಲ್ಲಿ ನಿಮ್ಮ ಎಡಕ್ಕೆ ಕೂತವರನ್ನು ನೋಡಿ, ಬಲಕ್ಕೆ ಕೂತವರನ್ನು ನೋಡಿ. ಇಬ್ಬರಲ್ಲಿ ಒಬ್ಬರು ಅಂತ ಲೆಕ್ಕ.

ಬಸುರಿಗೆ ರಕ್ತ ಕಡಿಮೆಯಾದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ಅದಕ್ಕೇ ಸರ್ಕಾರ ಕೆಂಪು ಮಾತ್ರೆ ಕೊಡುತ್ತದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಬಸುರಿಯರು ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ಹೆರಿಗೆ ಆದ ಮೇಲೂ 180 ದಿನ ನುಂಗಬೇಕು. ರಕ್ತ ತೀರ ಕಡಿಮೆ ಇದ್ದರೆ ಡಾಕ್ಟರು ಹೆಚ್ಚಿಗೆ ಹೇಳುತ್ತಾರೆ. ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು. ಅದನ್ನು ಊಟದ ಜೊತೆ, ಬೇರೆ ಬೇರೆ ಹೊತ್ತಿನಲ್ಲಿ ನುಂಗಬೇಕು.

ಮಾತ್ರೆ ಬೇಕೇ ಬೇಕು. ಹೊತ್ತು ಬಿಟ್ಟು ನುಂಗಬೇಕು. ನಾವು ಹೇಳೋದು ಇಷ್ಟೇ.

ಎಷ್ಟು ಹೊತ್ತು ಬಿಡಬೇಕು?

ಇದನ್ನು ನಿಧಾನವಾಗಿ ಓದಿ. ಬೆರಳಿಟ್ಟು ಓದಿ.

ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ: ನಡುವೆ ಕಡೇ ಪಕ್ಷ 2 ಗಂಟೆ.

ಥೈರಾಯಿಡ್ ಮಾತ್ರೆ ಮತ್ತು ಕಬ್ಬಿಣ ಅಥವಾ ಕ್ಯಾಲ್ಸಿಯಂ: ನಡುವೆ 4 ಗಂಟೆ.

ಥೈರಾಯಿಡ್ ಮಾತ್ರೆ ಮತ್ತು ಕಾಫಿ, ತಿಂಡಿ: ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ. ಥೈರಾಯಿಡ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಬೇಕು.

ಕಬ್ಬಿಣದ ಮಾತ್ರೆ ಮತ್ತು ಟೀ, ಕಾಫಿ, ಹಾಲು: ನಡುವೆ ಒಂದೆರಡು ಗಂಟೆ. ಟೀಯಲ್ಲಿರೋ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ ಒಳ್ಳೇದು. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ.

ಇನ್ನು ಎಲೆ ಅಡಿಕೆ. ಮಾತ್ರೆ ನುಂಗಿದ ಕೂಡಲೆ ಎಲೆಗೆ ಸುಣ್ಣ ಬಳಿದು ಬಾಯಿಗೆ ಹಾಕೋರು ಇಲ್ಲಿ ಯಾರಾರು ಇದ್ದೀರಿ? ನಗಬೇಡಿ. ಸುಣ್ಣ ಕೂಡ ಕ್ಯಾಲ್ಸಿಯಮ್ಮೇ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಬಿಟ್ಟರೆ ಎಲ್ಲಕ್ಕಿಂತ ಒಳ್ಳೇದು.

ಗಡಿಯಾರ ನೋಡೋಕೆ ಪುರುಸೊತ್ತೆಲ್ಲಿ?

ಒಬ್ಬ ಅವ್ವ ಆಗಲೇ ಕೇಳಿದರು. “ಎರಡು ಗಂಟೆ, ನಾಲ್ಕು ಗಂಟೆ ಅಂತೀರಲ್ಲ, ಗದ್ದೇಲಿ ಗಡಿಯಾರ ನೋಡ್ಕಂಡು ಕೂರಕ್ಕಾಯ್ತದಾ?” ಅಂತ. ನ್ಯಾಯವಾದ ಪ್ರಶ್ನೆ.

ಅದಕ್ಕೆ ನಮ್ಮ ಅಕ್ಕನೇ ಒಂದು ಉಪಾಯ ಕಂಡುಕೊಂಡಳು. ಮಾತ್ರೆಯನ್ನು ದಿನದ ಕೆಲಸಕ್ಕೆ ಕಟ್ಟಿಹಾಕಿದಳು. ಅವಳ ದಿನ ಹೀಗಿದೆ.

ಬೆಳಗಿನ ಜಾವ ಐದೂವರೆ. ಏಳುತ್ತಾಳೆ, ಮುಖ ತೊಳೆಯುತ್ತಾಳೆ. ಒಂದು ಲೋಟ ನೀರಿನಲ್ಲಿ ಥೈರಾಯಿಡ್ ಮಾತ್ರೆ ನುಂಗುತ್ತಾಳೆ. ಆಮೇಲೆ ಕೊಟ್ಟಿಗೆಗೆ ಹೋಗಿ ಹಾಲು ಕರೆಯುತ್ತಾಳೆ. ಡೈರಿಗೆ ಹಾಲು ಹಾಕಿ ಬರುತ್ತಾಳೆ. ಅಷ್ಟು ಹೊತ್ತಿಗೆ ಒಂದು ಗಂಟೆ ಆಗಿರುತ್ತದೆ. ಬಂದು ಕಾಫಿ ಕುಡಿಯುತ್ತಾಳೆ.

ಮಧ್ಯಾಹ್ನ ಒಂದು ಗಂಟೆ. ಮುದ್ದೆ ಊಟದ ಜೊತೆ ಕ್ಯಾಲ್ಸಿಯಂ ಮಾತ್ರೆ.

ರಾತ್ರಿ ಎಂಟು ಗಂಟೆಗೆ ಊಟ. ಒಂಬತ್ತಕ್ಕೆ, ಮಲಗೋ ಮುಂಚೆ, ಕಬ್ಬಿಣದ ಮಾತ್ರೆ. ಆ ಹೊತ್ತಿನಲ್ಲಿ ಹಾಲು ಕುಡಿಯೋದನ್ನು ಬಿಟ್ಟಿದ್ದಾಳೆ.

ಥೈರಾಯಿಡ್ ಇಲ್ಲದ ಬಸುರಿಯರ ದಿನ ಬೇರೆ. ಅವರು ಬೆಳಗಿನ ತಿಂಡಿ ಜೊತೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ ನುಂಗಬಹುದು. ಕಬ್ಬಿಣದ ಮಾತ್ರೆ ನಡು ಮಧ್ಯಾಹ್ನಕ್ಕೆ ಇರಲಿ.

ನಿಮಗೆ ಗೊತ್ತಿದೆ, 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡೋ ಯೋಜನೆ ಅದು. ಅನ್ನ, ಸೊಪ್ಪು ಹಾಕಿದ ಸಾರು, ಮೊಟ್ಟೆ, ಕಡಲೆಕಾಯಿ ಚಿಕ್ಕಿ, ಹಾಲು. ಊಟ ಆದ ಮೇಲೆ ಅಲ್ಲೇ ಕಬ್ಬಿಣದ ಮಾತ್ರೆ ನುಂಗಿಸಬೇಕು ಅಂತ ಅದರಲ್ಲಿದೆ. ಹೊಟ್ಟೆ ತುಂಬಿದಾಗ ನುಂಗಿದರೆ ಓಕರಿಕೆ ಕಡಿಮೆ. ಅದು ಒಳ್ಳೇದೇ. ಆದರೆ ಹಾಲಿನಲ್ಲಿ ಕ್ಯಾಲ್ಸಿಯಂ ಇದೆ. ಆದ್ದರಿಂದ ಆ ಮಾತ್ರೆಯನ್ನು ಹಾಲಿನಲ್ಲಿ ನುಂಗಬೇಡಿ, ನೀರಿನಲ್ಲಿ ನುಂಗಿ. ಹಾಲನ್ನು ಬೇರೆ ಹೊತ್ತಿಗೆ ಕುಡಿಯಬಹುದಾ ಅಂತ ಟೀಚರಮ್ಮನನ್ನು ಕೇಳಿ. ಹಾಲು ಬಿಡಬೇಡಿ. ಹೊತ್ತು ಬದಲಾಯಿಸಿ.

ಬಸುರಿಗೆ ಥೈರಾಯಿಡ್ ಕೂಡ ಇದ್ದರೆ ಮೇಲೆ ಹೇಳಿದ ಹೊತ್ತು ಹೊಂದೋದಿಲ್ಲ. ತಿಂಡಿ ಹೊತ್ತಿಗೆ ಕ್ಯಾಲ್ಸಿಯಂ ನುಂಗಿದರೆ ಥೈರಾಯಿಡ್ ಮಾತ್ರೆಗೆ ಅಡ್ಡ ಬರುತ್ತದೆ. ಅವರು ಡಾಕ್ಟರ ಹತ್ತಿರವೇ ಹೊತ್ತು ಬರೆಸಿಕೊಳ್ಳಬೇಕು. ಮಗುವಿನ ಮಿದುಳು ಬೆಳೆಯೋಕೆ ತಾಯಿಯ ಥೈರಾಯಿಡ್ ಸರಿ ಇರಬೇಕು.

ಇನ್ನೂ ಯಾವ ಮಾತ್ರೆಗಳ ಜೊತೆ ಜಾಗ್ರತೆ?

ಸೋಂಕಿನ ಮಾತ್ರೆ. ಉರಿಮೂತ್ರ, ಗಾಯದ ಕೀವು, ಕೆಲವು ಜ್ವರಗಳಿಗೆ ಕೊಡುವ ಮಾತ್ರೆ ಇವು. ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಅನ್ನೋ ಮಾತ್ರೆಗಳನ್ನು ಕಬ್ಬಿಣ, ಕ್ಯಾಲ್ಸಿಯಂ, ಸತು ಹಿಡಿದುಹಾಕುತ್ತವೆ. ಸಿಪ್ರೋಫ್ಲಾಕ್ಸಸಿನ್ ಮಾತ್ರೆಯನ್ನು ಹಾಲು, ಮೊಸರಿನ ಜೊತೆಯೂ ನುಂಗಬಾರದು. ನುಂಗಿದರೆ ಸೋಂಕು ಪೂರ್ತಿ ಹೋಗೋದಿಲ್ಲ. ಇಂಥ ಮಾತ್ರೆ ಬರೆದುಕೊಟ್ಟಾಗ “ಸಾರ್, ನಾನು ಕಬ್ಬಿಣದ ಮಾತ್ರೆ ನುಂಗ್ತಾ ಇದೀನಿ” ಅಂತ ಹೇಳಿ. ಎಷ್ಟು ಗಂಟೆ ಬಿಡಬೇಕು ಅಂತ ಅವರು ಹೇಳುತ್ತಾರೆ. ಕೆಲವು ದಿನ ಕಬ್ಬಿಣ ನಿಲ್ಲಿಸಿ ಅಂತಲೂ ಹೇಳಬಹುದು.

ಗ್ಯಾಸ್ಟ್ರಿಕ್ ಔಷಧಿ. ಎದೆ ಉರಿ ಅಂದರೆ ಸಾಕು, ಅಂಗಡಿಯಿಂದ ಗುಲಾಬಿ ಬಣ್ಣದ ಔಷಧಿ ತಂದು ಕುಡಿಯುತ್ತೇವೆ. ಅದರಲ್ಲೂ ಖನಿಜ ಇದೆ. ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುತ್ತವೆ. ಅವು ಕೂಡ ಥೈರಾಯಿಡ್ ಮಾತ್ರೆ, ಸೋಂಕಿನ ಮಾತ್ರೆಗಳನ್ನು ಕೆಡಿಸುತ್ತವೆ. ಹೊಟ್ಟೆಯ ಹುಳಿ ತಗ್ಗಿಸೋ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಕಬ್ಬಿಣವೂ ಸರಿಯಾಗಿ ಹಿಡಿಯೋದಿಲ್ಲ.

ಬಿಪಿ ಮಾತ್ರೆ. ಬಸುರಿಯರಿಗೆ ಬಿಪಿ ಬಂದರೆ ಮೀಥೈಲ್‌ಡೋಪಾ ಅನ್ನೋ ಮಾತ್ರೆ ಕೊಡುವುದುಂಟು. ಕಬ್ಬಿಣದ ಜೊತೆ ನುಂಗಿದರೆ ಅದರ ಬಲ ಕುಗ್ಗುತ್ತದೆ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ನುಂಗಬೇಕು.

ಬಿಪಿಗೆ ಕೊಡುವ ಎನಲಾಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಮಾತ್ರೆಗಳ ವಿಷಯ ಬೇರೆ. ಇವು ಮೈಯಲ್ಲಿ ಪೊಟ್ಯಾಸಿಯಂ ಅನ್ನೋ ಖನಿಜವನ್ನು ಉಳಿಸುತ್ತವೆ. ಅದರ ಮೇಲೆ ನಾವೇ ಪೊಟ್ಯಾಸಿಯಂ ಔಷಧಿ ಕುಡಿದರೆ ಅದು ಅತಿಯಾಗುತ್ತದೆ. ಅಂಗಡಿಯಲ್ಲಿ “ಬಿಪಿ ಇದ್ದೋರಿಗೆ ಒಳ್ಳೇದು” ಅಂತ ಮಾರೋ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಅತಿಯಾದರೆ ಹೃದಯದ ಬಡಿತ ತಪ್ಪುತ್ತದೆ. ಇಲ್ಲಿ ಹೊತ್ತು ಬಿಟ್ಟರೂ ಸಾಲದು. ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ನಮ್ಮದು ತೆಂಗಿನ ಸೀಮೆ. ಎಳನೀರಿನಲ್ಲೂ ಪೊಟ್ಯಾಸಿಯಂ ಇದೆ. ಗಟ್ಟಿಮುಟ್ಟಾಗಿ ಇರೋರು ಹೆದರಬೇಕಿಲ್ಲ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಕೇಳಿಯೇ ಕುಡಿಯಬೇಕು.

ನಾಟಿ ಔಷಧಿ. ಲೋಹ ಭಸ್ಮ, ಮಂಡೂರ ಭಸ್ಮದಲ್ಲಿ ಕಬ್ಬಿಣ ಇದೆ. ಶಂಖ ಭಸ್ಮದಲ್ಲಿ ಸುಣ್ಣದ ಅಂಶ ಇದೆ. “ಇದು ಮಾತ್ರೆ ಅಲ್ಲವಲ್ಲ” ಅಂತ ಮುಚ್ಚಿಡಬೇಡಿ. ಇದನ್ನೂ ಡಾಕ್ಟರಿಗೆ ಹೇಳಿ.

ಟಿಬಿ, ಮೂರ್ಛೆ ರೋಗ, ಹೃದಯದ ಕಾಯಿಲೆ ಇದ್ದವರು ಯಾವ ಟಾನಿಕ್ ಶುರು ಮಾಡೋಕೂ ಮುಂಚೆ ಕೇಳಿ. ಆದರೆ ನಡೆಯುತ್ತಿರೋ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಥೈರಾಯಿಡ್ ಮಾತ್ರೆಯ ಹೊತ್ತು ಬದಲಾಯಿಸಿದಾಗಲೂ ಡಾಕ್ಟರಿಗೆ ತಿಳಿಸಿ. ರಕ್ತ ಪರೀಕ್ಷೆ ಮಾಡಿ ಪ್ರಮಾಣ ಸರಿಮಾಡುತ್ತಾರೆ.

ನಮ್ಮ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ

ಈಗ ನಿಮಗೆ ಓದೋಕೆ, ಬರೆಯೋಕೆ ಬರುತ್ತದೆ. ಆದರೆ ಮಾತ್ರೆಯ ಹಾಳೆ ಮೇಲೆ ಇಂಗ್ಲಿಷ್ ಇರುತ್ತದೆ. ಹಾಗಾದರೆ ಏನು ಮಾಡೋದು?

ಔಷಧಿ ಕೊಡುವವರನ್ನು ಹೆಸರು ಕೇಳಿ. ಕಿವಿಗೆ ಕೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಳ್ಳಿ. ಒಂದೊಂದು ಮಾತ್ರೆಗೂ ಒಂದೊಂದು ಕಾಗದದ ಕವರು ಮಾಡಿ. ಕವರಿನ ಮೇಲೆ ಮೂರು ವಿಷಯ ಬರೆಯಿರಿ. ಯಾವುದಕ್ಕೆ? ಯಾವಾಗ? ಊಟದ ಮುಂಚೆಯೋ, ಆಮೇಲೋ?

ಅಂಕಿ ಓದೋಕೆ ಬರುತ್ತದಲ್ಲ? ಹಾಳೆಯ ಮೇಲೆ ಇ, ಎಕ್ಸ್, ಪಿ ಅನ್ನೋ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಅದರ ಮುಂದೆ ಅಂಕಿ ಇರುತ್ತದೆ. 08/2027 ಅಂತ ಇದ್ದರೆ 2027ನೇ ಇಸವಿಯ ಎಂಟನೇ ತಿಂಗಳವರೆಗೆ ಮಾತ್ರ ಅದನ್ನು ನುಂಗಬಹುದು. ಎಕ್ಸ್ಪೈರಿ ಅಕ್ಷರಗಳು ಹೇಗಿರುತ್ತವೆ ಅಂತ ಆಶಾ ಅಕ್ಕನ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಇನ್ನು, ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು. 2016ರಲ್ಲಿ ಸರ್ಕಾರ ಈ ಕೆಂಪು ಗೆರೆಯ ವಿಷಯವನ್ನು ದೇಶಕ್ಕೆಲ್ಲ ಸಾರಿತು. ಇಂಗ್ಲಿಷ್ ಬಾರದವರಿಗೂ ಗೆರೆ ಕಾಣುತ್ತದೆ.

ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರೋ ಎಲ್ಲ ಮಾತ್ರೆ, ಟಾನಿಕ್, ಭಸ್ಮ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಸುರಿಯರು ತಾಯಿ ಕಾರ್ಡನ್ನು ಮರೆಯಬೇಡಿ. ಮೇಜಿನ ಮೇಲೆ ಎಲ್ಲ ಇಟ್ಟು ಕೇಳಿ. “ಇವನ್ನೆಲ್ಲ ಒಟ್ಟಿಗೆ ನುಂಗಬಹುದಾ? ಹೊತ್ತು ಬಿಡಬೇಕಾ?” ಕೇಳೋಕೆ ನಾಚಿಕೆ ಬೇಡ. ನಮ್ಮ ಅಕ್ಕನಿಗೆ ಗುಣವಾದದ್ದು ಒಂದು ಪ್ರಶ್ನೆಯಿಂದ. ಡಾಕ್ಟರು ಕೇಳದಿದ್ದರೆ ನಾವೇ ಕೇಳೋಣ.

ಮಕ್ಕಳ ಕೈಗೆ ಸಿಗದಿರಲಿ

ಕೊನೆಗೆ ಒಂದು ಮಾತು. ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನ ಹಾಗೆ ಕಾಣುತ್ತದೆ. ಚಿಕ್ಕ ಮಗು ನಾಲ್ಕಾರು ನುಂಗಿದರೂ ಜೀವಕ್ಕೆ ಅಪಾಯ. ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. ನಡುವೆ ಸ್ವಲ್ಪ ಹೊತ್ತು ಮಗು ಸರಿಹೋದ ಹಾಗೆ ಕಾಣಬಹುದು. ಅದನ್ನು ನಂಬಿ ಕೂರಬೇಡಿ. ಕೂಡಲೆ 108ಕ್ಕೆ ಫೋನ್ ಮಾಡಿ, ಖಾಲಿ ಹಾಳೆಯ ಸಮೇತ ಆಸ್ಪತ್ರೆಗೆ ಹೋಗಿ. ಮಾತ್ರೆ ಡಬ್ಬಿಯನ್ನು ಅಟ್ಟದ ಮೇಲೋ, ಬೀಗ ಹಾಕೋ ಪೆಟ್ಟಿಗೆಯಲ್ಲೋ ಇಡಿ.

ಕಬ್ಬಿಣದ ಮಾತ್ರೆ ನುಂಗಿದವರ ಮಲ ಕಪ್ಪಗಾಗುತ್ತದೆ. ಅದಕ್ಕೆ ಹೆದರಬೇಡಿ. ಟಾರಿನ ಹಾಗೆ ಅಂಟಂಟಾಗಿ, ನಾತ ಹೊಡೆದರೆ, ಇಲ್ಲವೇ ಹೊಟ್ಟೆನೋವು ಇದ್ದರೆ ಡಾಕ್ಟರಿಗೆ ತೋರಿಸಿ.

ನಮ್ಮ ಅಕ್ಕ ಈಗ ಮತ್ತೆ ಕಳೆ ಕೀಳೋಕೆ ಹೋಗುತ್ತಾಳೆ. ಅವಳ ಅಡಿಗೆಮನೆ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ದಾಳೆ. ಯಾವ ಹೊತ್ತಿಗೆ ಯಾವ ಮಾತ್ರೆ ಅಂತ ಅವಳೇ ಬರೆದದ್ದು. ಅಕ್ಷರ ಸೊಟ್ಟಗಿವೆ. ಎರಡು ಕಡೆ ಒತ್ತು ಬಿಟ್ಟುಹೋಗಿದೆ. ನಾವು ತಿದ್ದೋಕೆ ಹೋಗಲಿಲ್ಲ.

ನೀವೂ ಇವತ್ತು ರಾತ್ರಿ ನಿಮ್ಮ ಮನೆಯ ಹಾಳೆ ಬರೆಯಿರಿ. ಬರೋ ವಾರ ತಂದು ತೋರಿಸಿ.

ಓದಿ, ಯೋಚಿಸಿ, ಹೇಳಿ

1. ಅಕ್ಕನಿಗೆ ಮಾತ್ರೆ ನುಂಗಿದರೂ ಗುಣ ಕಾಣಲಿಲ್ಲ. ಯಾಕೆ?

2. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ನಡುವೆ ಎಷ್ಟು ಗಂಟೆ ಬಿಡಬೇಕು?

3. ಬಿಪಿ ಮಾತ್ರೆ ನುಂಗುವವರು ಯಾವ ಉಪ್ಪಿನ ಬಗ್ಗೆ ಡಾಕ್ಟರನ್ನು ಕೇಳಬೇಕು?

4. ನಿಮ್ಮ ಮನೆಯಲ್ಲಿ ಯಾರು ಯಾರು ಮಾತ್ರೆ ನುಂಗುತ್ತಾರೆ? ಯಾವುದು, ಯಾವಾಗ? ಒಂದು ಹಾಳೆಯಲ್ಲಿ ಬರೆಯಿರಿ.